ಹಸಿ ವಾಸನೆ ಇಲ್ಲದ ಸೋಯಾ ತಳಿ ನಮ್ಮ ಹೊಲಕ್ಕೆ ಸಿಗುತ್ತಾ?

ಭಾಲ್ಕಿ_ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಬೀದರ್ ಜಿಲ್ಲೆ, ಭಾಲ್ಕಿ ಕಡೆ. ಐದು ಎಕರೆ ಎರೆ ಭೂಮಿ ಇದೆ. ಮುಂಗಾರಿಗೆ ಸೋಯಾ, ನಡುನಡುವೆ ತೊಗರಿ ಸಾಲು, ಹೊಲದಲ್ಲಿ ತೇವ ಉಳಿದರೆ ಹಿಂಗಾರಿಗೆ ಕಡಲೆ. ಸೋಯಾದಲ್ಲಿ ಮಾವನವರ ಕಾಲದಿಂದ ಜೆಎಸ್ 335 ತಳಿಯೇ. ಬೆಳೆದದ್ದೆಲ್ಲ ಅಡತಿಗೆ ಹೋಗುತ್ತೆ, ಅಲ್ಲಿಂದ ಎಣ್ಣೆ ಮಿಲ್ಲಿಗೆ. ಇಷ್ಟು ವರ್ಷ ಬೆಳೆದರೂ ಮನೆಯಲ್ಲಿ ಒಂದು ಹಿಡಿ ಸೋಯಾ ಕಾಳು ಬೇಯಿಸಿ ತಿಂದದ್ದಿಲ್ಲ.

ಹೋದ ವರ್ಷ ನಮ್ಮ ನಾದಿನಿ ಬೀದರ್ ಊರಲ್ಲಿ ಮನೆಯಿಂದಲೇ ಸೋಯಾ ಹಾಲು, ಸೋಯಾ ಪನ್ನೀರ್ ಮಾಡಿ ಮಾರಲು ಶುರು ಮಾಡಿದಳು. ಕಾಳು ನಮ್ಮ ಹೊಲದ್ದೇ. ಪನ್ನೀರ್ ಹೇಗೋ ನಡೆಯುತ್ತಿದೆ, ಮಸಾಲೆಯಲ್ಲಿ ಮುಚ್ಚಿ ಹೋಗುತ್ತೆ. ಹಾಲು ಮಾತ್ರ ಒಮ್ಮೆ ಕೊಂಡವರು ಮತ್ತೆ ಬರುವುದಿಲ್ಲ. ಹಸಿ ಕಾಳಿನ ವಾಸನೆ ಅಂತಾರೆ, ನನಗೂ ಹಾಗೇ ಅನಿಸುತ್ತೆ. ಏಲಕ್ಕಿ ಹಾಕಿ ನೋಡಿದೆವು, ಬೆಲ್ಲ ಹಾಕಿ ನೋಡಿದೆವು, ವಾಸನೆ ಅದರ ಕೆಳಗೆ ಹಾಗೇ ಕೂತಿರುತ್ತೆ.

ನನ್ನ ಪ್ರಶ್ನೆ ಇಷ್ಟು. ಈ ವಾಸನೆ ಬಾರದ ಸೋಯಾ ತಳಿ ಯಾರಾದರೂ ಮಾಡಿದ್ದಾರಾ? ಕೃಷಿ ಮೇಳಕ್ಕೆ ಹೋದರೆ ಎಕರೆಗೆ ಎಷ್ಟು ಕ್ವಿಂಟಲ್, ಯಾವ ರೋಗ ತಡೆಯುತ್ತೆ ಅಂತ ಮಾತ್ರ ಹೇಳ್ತಾರೆ. ತಿನ್ನೋದಕ್ಕೆ ಹೇಗಿರುತ್ತೆ ಅಂತ ಬೋರ್ಡ್ ಮೇಲೆ ಬರೆದದ್ದು ನಾನು ನೋಡಿಲ್ಲ. ಇನ್ನೊಂದು, ಸೋಯಾ ಬಿಟ್ಟು ನಮ್ಮದೇ ಕಡಲೆ, ತೊಗರಿ, ಹುರುಳಿಯಲ್ಲಿ ಹಾಲು ಮಾಡಬಹುದಾ? ಕೊನೆಗೆ, ನಾದಿನಿ ಪ್ಯಾಕೆಟ್ ಮೇಲೆ ‘ಹವಾಮಾನಕ್ಕೆ ಒಳ್ಳೆಯದು’ ಅಂತ ಬರೆಸಬೇಕು ಅಂತಾಳೆ. ಅದು ನಿಜಾನಾ? ಮನೆಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಇಂಥ ಮಾತು ಬರೆಯೋಕೆ ನನಗೆ ಮನಸ್ಸು ಒಪ್ಪುತ್ತಿಲ್ಲ, ಗೊತ್ತಿಲ್ಲದೆ ಸುಮ್ನೆ ಬರೆಯಬಾರದು ಅಲ್ವಾ.

ತಳಿ_ತೋಟ ಉತ್ತರಿಸಿದ್ದು:

ತಂಗಿ, ಮೊದಲ ಪ್ರಶ್ನೆಗೆ ಉತ್ತರ: ಇದೆ. ನಾನು ಎಣ್ಣೆಕಾಳಿನ ತಳಿ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿ ನಿವೃತ್ತನಾದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆ ವಾಸನೆ ಕಾಳಿನೊಳಗೆ ಮೊದಲೇ ತುಂಬಿಕೊಂಡಿರುವುದಲ್ಲ. ಕಾಳು ಒಡೆದು, ನೀರು ಮತ್ತು ಗಾಳಿ ತಾಗಿದ ಕೂಡಲೇ ಹುಟ್ಟುವುದು. ಸೋಯಾದಲ್ಲಿ ಲಿಪಾಕ್ಸಿಜಿನೇಸ್ ಅಂತ ಒಂದು ಕಿಣ್ವ ಇದೆ. ಕಾಳು ಅರೆದಾಗ ಅದು ಎಣ್ಣೆಯ ಅಂಶದ ಮೇಲೆ ಬಿದ್ದು ಹೆಕ್ಸನಾಲ್ ಎಂಬ ವಸ್ತು ಹುಟ್ಟಲು ಕಾರಣವಾಗುತ್ತೆ. ಹಸಿ ಹುಲ್ಲು ಕೊಯ್ದಾಗ ಮೂಗಿಗೆ ಬರುತ್ತಲ್ಲ, ಆ ವಾಸನೆಯ ಮನೆತನದ್ದೇ ಇದು. ಈ ಕಿಣ್ವದಲ್ಲಿ ಒಂದು, ಎರಡು, ಮೂರು ಅಂತ ಮೂರು ಬಗೆ. ವಾಸನೆಗೆ ಹೆಚ್ಚು ಕಾರಣ ಎರಡನೆಯದು.

ಪ್ರಪಂಚದ ಬೀಜ ಸಂಗ್ರಹಗಳನ್ನು ಜಾಲಾಡಿದಾಗ ಈ ಕಿಣ್ವ ಇಲ್ಲದ ಕೆಲವು ಸೋಯಾ ಗಿಡಗಳು ಸಿಕ್ಕವು. ಅವು ನಮ್ಮ ಹೊಲದಲ್ಲಿ ಇಳುವರಿ ಕೊಡುವಂಥವಲ್ಲ, ಆದರೆ ಆ ಒಂದು ಗುಣ ಇದೆ. ಆ ಗುಣವನ್ನು ಮಾತ್ರ ನಮ್ಮ ಒಳ್ಳೆ ತಳಿಗೆ ತರಬೇಕು. ಇಂದೋರಿನ ಸೋಯಾ ಸಂಶೋಧನಾ ಸಂಸ್ಥೆಯವರು ಅದನ್ನೇ ಮಾಡಿದ್ದು. ಎನ್‌ಆರ್‌ಸಿ 132 ಎಂಬ ತಳಿಯಲ್ಲಿ ಎರಡನೇ ಲಿಪಾಕ್ಸಿಜಿನೇಸ್ ಇಲ್ಲ. ಎನ್‌ಆರ್‌ಸಿ 127ರಲ್ಲಿ ಕುನಿಟ್ಜ್ ಟ್ರಿಪ್ಸಿನ್ ಇನ್ಹಿಬಿಟರ್ ಇಲ್ಲ, ಅಂದರೆ ನಮ್ಮ ಹೊಟ್ಟೆಯಲ್ಲಿ ಪ್ರೋಟೀನ್ ಕರಗದಂತೆ ತಡೆಯುವ ವಸ್ತು. ಎನ್‌ಆರ್‌ಸಿ 142ರಲ್ಲಿ ಎರಡೂ ಇಲ್ಲ. ನಿಮಗೆ ಬೇಕಾದದ್ದು ಇದು.

ಇದು ಕುಲಾಂತರಿ ಅಲ್ಲ, ಮಾಮೂಲಿ ಕ್ರಾಸ್ ಮಾಡಿದ್ದು. ಆದರೆ ಮಾಮೂಲಿ ಅಂದರೆ ಸುಲಭ ಅಂತಲ್ಲ. ಸೋಯಾ ಹೂ ಬೆರಳಿನ ಉಗುರಿಗಿಂತ ಚಿಕ್ಕದು, ಅರಳುವ ಮೊದಲೇ ತನ್ನ ಪರಾಗ ತಾನೇ ಹಾಕಿಕೊಂಡುಬಿಡುತ್ತೆ. ಹಾಗಾಗಿ ಮೊಗ್ಗು ಇರುವಾಗಲೇ ಚಿಮಟದಲ್ಲಿ ಎಸಳು ಬಿಡಿಸಿ, ಒಳಗಿನ ಪರಾಗಕೋಶ ತೆಗೆದು, ಇನ್ನೊಂದು ಗಿಡದ ಪರಾಗ ಮುಟ್ಟಿಸಬೇಕು. ಬಗ್ಗಿ ಕೂತು ಬೆಳಗ್ಗೆಯೆಲ್ಲ ಮಾಡಿದರೂ ಕಾಯಿ ಕಚ್ಚುವುದು ಕೆಲವೇ. ಕಚ್ಚಿದ ಕಾಯಲ್ಲಿ ಎರಡೋ ಮೂರೋ ಕಾಳು. ಆ ಎರಡು ಕಾಳನ್ನು ಕಾಗದದ ಕವರಿನಲ್ಲಿ ಹಾಕಿ ಹೆಸರು ಬರೆದು ಜೇಬಿನಲ್ಲಿ ಇಟ್ಟುಕೊಂಡು ಬರುವಾಗ ಆಗುವ ಸಂತೋಷ ನನಗೆ ಇವತ್ತಿಗೂ ನೆನಪಿದೆ.

ಮುಂದಿನ ತೊಡಕು ಇನ್ನೂ ದೊಡ್ಡದು. ಕಿಣ್ವ ಇಲ್ಲದ ಗುಣ ಅಡಗಿಕೊಂಡು ಬರುವಂಥದ್ದು. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಕಾಣುತ್ತೆ. ಹೀಗಾಗಿ ಮೊದಲ ಕ್ರಾಸಿನ ಕಾಳೆಲ್ಲ ವಾಸನೆಯದ್ದೇ. ಗುಣ ಒಳಗಿದೆಯೋ ಇಲ್ಲವೋ ಅಂತ ತಿಳಿಯಲು ಮೊದಲಾದರೆ ಮತ್ತೊಂದು ಬೆಳೆ ಬೆಳೆದು ನೋಡಬೇಕಿತ್ತು. ಈಗ ಸಸಿ ಚಿಕ್ಕದಿರುವಾಗಲೇ ಎಲೆಯ ಚೂರು ತೆಗೆದು ಡಿಎನ್‌ಎ ನೋಡಿದರೆ ಗೊತ್ತಾಗುತ್ತೆ. ಗುಣ ಇರುವ ಸಸಿಯನ್ನು ಮತ್ತೆ ಒಳ್ಳೆ ತಳಿಗೆ ಕ್ರಾಸ್, ಮತ್ತೆ ಎಲೆ, ಮತ್ತೆ ಕ್ರಾಸ್. ಹೀಗೆ ಸುಮಾರು ಸಲ ಮಾಡಿದ ಮೇಲೆ ನಮ್ಮ ತಳಿಯೇ, ಆ ಒಂದು ಗುಣ ಮಾತ್ರ ಹೊಸದು ಅನ್ನುವ ಹಾಗೆ ಆಗುತ್ತೆ. ಜಪಾನಿನವರು ಮೂರೂ ಕಿಣ್ವ ತೆಗೆಯಲು ಹೋದಾಗ ಒಂದನೆಯದು ಮತ್ತು ಎರಡನೆಯದರ ಜೀನ್‌ಗಳು ಪಕ್ಕಪಕ್ಕದಲ್ಲೇ ಅಂಟಿಕೊಂಡಿದ್ದರಿಂದ ಕ್ರಾಸಿನಿಂದ ಆಗಲಿಲ್ಲ. ಗಾಮಾ ಕಿರಣ ಹಾಯಿಸಿ ಮೂರೂ ಇಲ್ಲದ ಸಾಲು ಪಡೆದರು. ಅದರಿಂದಲೇ ಇಚಿಹಿಮೆ ಎಂಬ ತಳಿ ಬಂತು.

ಒಂದು ಎಚ್ಚರಿಕೆ. ಎನ್‌ಆರ್‌ಸಿ 142 ಹಾಕಿದರೂ ಒಂದನೇ, ಮೂರನೇ ಕಿಣ್ವ ಉಳಿದಿರುತ್ತೆ. ವಾಸನೆ ತುಂಬಾ ಕಡಿಮೆ ಆಗುತ್ತೆ, ಪೂರ್ತಿ ಹೋಗುತ್ತೆ ಅಂತ ಗಿರಾಕಿಗೆ ಮಾತು ಕೊಡಬೇಡಿ. ಹಾಲನ್ನು ಕುದಿಸುವುದೂ ಬಿಡಬೇಡಿ, ಜೀರ್ಣಕ್ಕೆ ಅಡ್ಡ ಬರುವ ಇನ್ನೊಂದು ವಸ್ತು ಸ್ವಲ್ಪ ಉಳಿದಿರುತ್ತೆ. ಬೀದರ್‌ನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತಳಿಯ ಹೆಸರು ಬರೆದುಕೊಟ್ಟು ಬೀಜ ಕೇಳಿ. ಹೆಸರು ಹಿಡಿದು ಕೇಳುವವರು ಇದ್ದರೇನೇ ಬೀಜ ಬರುವುದು.

ಕುಕ್ಕರಹಳ್ಳಿ_ಅಡುಗೆಮನೆ ಉತ್ತರಿಸಿದ್ದು:

ತಳಿ ಬರುವವರೆಗೆ ಕಾಯಬೇಡಿ ಅಕ್ಕ, ನಿಮ್ಮ ಜೆಎಸ್ 335ರಲ್ಲೇ ವಾಸನೆ ಮುಕ್ಕಾಲು ಪಾಲು ತೆಗೆಯಬಹುದು. ನಾನು ಮೈಸೂರಿನಲ್ಲಿ ಆರು ವರ್ಷದಿಂದ ಸೋಯಾ ಪನ್ನೀರ್ ಮಾಡ್ತಿದ್ದೀನಿ. ನಿಮ್ಮ ನಾದಿನಿ ತಣ್ಣೀರು ಹಾಕಿ ರುಬ್ಬುತ್ತಾ ಇರಬೇಕು, ದೋಸೆ ಹಿಟ್ಟಿನ ಹಾಗೆ. ನಾನೂ ಮೊದಲು ಹಾಗೇ ಮಾಡಿ ಎಷ್ಟೋ ಹಾಲು ಚೆಲ್ಲಿದ್ದೀನಿ.

ಸರ್ ಹೇಳಿದ ಆ ಕಿಣ್ವ ಬಿಸಿಗೆ ಸಾಯುತ್ತೆ. 80 ಡಿಗ್ರಿ ಮೇಲಿನ ಬಿಸಿ ನೀರಿನಲ್ಲಿ ರುಬ್ಬಿದರೆ ಅದಕ್ಕೆ ಕೆಲಸ ಮಾಡಲು ಪುರುಸೊತ್ತೇ ಸಿಗಲ್ಲ. ರಾತ್ರಿ ನೆನೆಹಾಕುವಾಗ ಚಿಟಿಕೆ ಅಡುಗೆ ಸೋಡಾ ಹಾಕಿ. ಬೆಳಗ್ಗೆ ಆ ನೀರು ಚೆಲ್ಲಿ, ಕೈಯಲ್ಲಿ ಉಜ್ಜಿ ಸಿಪ್ಪೆ ತೇಲಿಸಿ ತೆಗೆಯಿರಿ. ಆಮೇಲೆ ಕಾಳನ್ನು ಮಳ್ಳುವ ನೀರಿಗೆ ಹಾಕಿ ಐದು ನಿಮಿಷ ಬಿಡಿ. ಆ ನೀರೂ ಚೆಲ್ಲಿ. ಮತ್ತೆ ಬೇರೆ ಕುದಿಯುವ ನೀರು ಹಾಕಿ ರುಬ್ಬಿ. ಕಾಳು ಅರೆಯುವ ಮೊದಲು ಬಿಸಿ ತಾಗಬೇಕು, ಅರೆದ ಮೇಲೆ ಎಷ್ಟು ಕುದಿಸಿದರೂ ಹುಟ್ಟಿದ ವಾಸನೆ ಹೋಗಲ್ಲ. ಗುಟ್ಟು ಇರೋದೇ ಇಲ್ಲಿ.

ಮಿಕ್ಸಿಯಲ್ಲಿ ಮಾಡುವುದಾದರೆ ಜಾರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಮುಚ್ಚಳದ ಮೇಲೆ ದಪ್ಪ ಬಟ್ಟೆ ಒತ್ತಿ ಹಿಡಿಯಿರಿ. ಬಿಸಿ ಹಬೆಗೆ ಮುಚ್ಚಳ ಹಾರಿ ನನ್ನ ಬಲಗೈ ಮೊಣಕೈವರೆಗೆ ಬೆಂದಿತ್ತು, ಗುರುತು ಇನ್ನೂ ಇದೆ. ದಯವಿಟ್ಟು ನಾದಿನಿಗೆ ಇದನ್ನು ಮರೆಯದೆ ಹೇಳಿ. ರುಬ್ಬಿದ ಮೇಲೆ ಹತ್ತು ಹದಿನೈದು ನಿಮಿಷ ಕುದಿಸಿ, ಸೋಸಿ. ಒಂದು ಕೆಜಿ ಕಾಳಿಗೆ ಆರರಿಂದ ಎಂಟು ಲೀಟರ್ ಹಾಲು, ಪನ್ನೀರ್ ಆದರೆ ಒಂದೂವರೆ ಕೆಜಿ ಹತ್ತಿರ. ಉಳಿದ ಗಸಿಯನ್ನು ವಡೆಗೆ, ರೊಟ್ಟಿ ಹಿಟ್ಟಿಗೆ ಕಲಸಬಹುದು.

ಕಡಲೆ, ತೊಗರಿ ಹಾಲಿನ ವಿಷಯ. ಮಾಡಿ ನೋಡಿದ್ದೀನಿ. ಕಡಲೆ ಹಾಲು ಒಲೆ ಮೇಲೆ ಇಟ್ಟ ಹತ್ತು ನಿಮಿಷಕ್ಕೆ ಗಂಜಿ ಆಯಿತು, ಸೌಟು ನಿಲ್ಲುವಷ್ಟು. ಯಾಕೆ ಅಂದ್ರೆ ಕಡಲೆ, ತೊಗರಿ, ಹುರುಳಿ, ಅವರೆಯಲ್ಲಿ ಅರ್ಧದಷ್ಟು ಪಿಷ್ಟ ಮತ್ತು ನಾರು, ಪ್ರೋಟೀನ್ 20ರಿಂದ 25 ಪರ್ಸೆಂಟ್. ಸೋಯಾದಲ್ಲಿ ಪಿಷ್ಟ ಇಲ್ಲ ಅನ್ನುವಷ್ಟು ಕಡಿಮೆ, ಪ್ರೋಟೀನ್ 40 ಪರ್ಸೆಂಟ್ ಹತ್ತಿರ, ಎಣ್ಣೆ 20 ಹತ್ತಿರ. ಅದಕ್ಕೇ ಅದು ಹಾಲಿನ ಹಾಗೆ ಇರೋದು. ಬರ್ಮಾದ ಶಾನ್ ಜನ ಕಡಲೆ ಹಿಟ್ಟನ್ನು ಹಾಗೇ ಗಂಜಿ ಕಾಯಿಸಿ, ಆರಿಸಿ, ಗಟ್ಟಿ ಮಾಡಿ ಕೊಯ್ದು ತಿಂತಾರೆ. ಅದೂ ತೋಫುವೇ. ನಮ್ಮ ಝುಣಕದ ವಡಿಗೆ ಹತ್ತಿರದ ಸಂಬಂಧಿ.

ಹಾಲಿಗೆ ಸೋಯಾ ಬಿಟ್ಟರೆ ನಮಗೆ ಶೇಂಗಾ. ನಮ್ಮೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಬಹಳ ಹಿಂದೆಯೇ ಶೇಂಗಾ ಪ್ರೋಟೀನ್ ತೆಗೆದು ಹಾಲಿಗೆ ಸೇರಿಸಿ ಮಿಲ್ಟೋನ್ ಅಂತ ಮಾಡಿದ್ದರು, ಇದ್ದ ಹಾಲು ಇನ್ನಷ್ಟು ಮಕ್ಕಳಿಗೆ ಮುಟ್ಟಲಿ ಅಂತ. ಶೇಂಗಾ ಮೊಸರು ತುಂಬಾ ಚೆನ್ನಾಗಿ ಹೆಪ್ಪಾಗುತ್ತೆ. ಆದರೆ ಬೂಸಲು ಹಿಡಿದ ಒಂದು ಕಾಳೂ ಇರಬಾರದು, ಅದರ ವಿಷ ಕುದಿಸಿದರೂ ಹೋಗಲ್ಲ.

ಇನ್ನು ಲೇಬಲ್ ಮೇಲೆ ‘ಹಾಲು’ ಅಂತ ಬರೆಯುವಂತಿಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ. ‘ಸೋಯಾ ಪೇಯ’ ಅಂತ ಬರೆಸಿ. ನೋಂದಣಿ ಮಾಡಿಸದೆ ಇದ್ದರೆ ಮೊದಲು ಅದನ್ನು ಮಾಡಿಸಿ.

ಮದ್ದೂರು_ಕೊಟ್ಟಿಗೆ ಉತ್ತರಿಸಿದ್ದು:

ಅಕ್ಕ, ನಿಮ್ಮ ಮನಸ್ಸು ಒಪ್ಪದೇ ಇರೋದು ಸರಿಯೇ. ನಮ್ಮದು ಮಂಡ್ಯ ಜಿಲ್ಲೆ, ಮೂರು ಹಸು. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ, ಅದೂ ಯಾವಾಗ ಬರುತ್ತೋ ಹೇಳಕ್ಕಾಗಲ್ಲ. ಡೇರಿ ಬಟವಾಡೆ ಮಾತ್ರ ತಪ್ಪಲ್ಲ. ಮಗಳ ಕಾಲೇಜು ಫೀಸು, ಅಮ್ಮನ ಮಾತ್ರೆ ಎಲ್ಲ ಅದರಲ್ಲೇ. ಹಸು ಹವಾಮಾನ ಕೆಡಿಸುತ್ತೆ ಅಂತ ಪ್ಯಾಕೆಟ್ ಮೇಲೆ ಓದಿದರೆ ನಮಗೆ ನೋವಾಗುತ್ತೆ. ನಾವು ಹಾಕೋದು ರಾಗಿ ಹುಲ್ಲು, ಭತ್ತದ ಹುಲ್ಲು, ಕಬ್ಬಿನ ಸೋಗೆ. ಮನುಷ್ಯರು ತಿನ್ನುವಂಥದ್ದಲ್ಲ. ಸೋಯಾ ಹಿಂಡಿ ಕೂಡ ಹಾಕ್ತೀವಿ, ಅಂದರೆ ನಿಮ್ಮ ಹೊಲದ ಸೋಯಾ ತಿರುಗಿ ನಮ್ಮ ಕೊಟ್ಟಿಗೆಗೇ ಬರುತ್ತೆ. ಇದಕ್ಕೆ ತಿಳಿದವರು ಏನಂತಾರೆ?

ತಳಿ_ತೋಟ ಉತ್ತರಿಸಿದ್ದು:

ನಿಮ್ಮ ಮಾತಿನಲ್ಲಿ ಸತ್ಯ ಇದೆ, ಅದನ್ನು ಪಕ್ಕಕ್ಕಿಡದೆ ಉತ್ತರಿಸುತ್ತೇನೆ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ದೊಡ್ಡ ಲೆಕ್ಕದ ಪ್ರಕಾರ ಒಂದು ಲೀಟರ್ ಹಾಲಿಗೆ ಸುಮಾರು 3 ಕೆಜಿ ಇಂಗಾಲದ ಡೈ ಆಕ್ಸೈಡ್‌ಗೆ ಸಮನಾದ ಅನಿಲ, ಒಂದು ಲೀಟರ್ ಸೋಯಾ ಹಾಲಿಗೆ ಸುಮಾರು 1 ಕೆಜಿ. ಇದು ಜಗತ್ತಿನ ಸರಾಸರಿ, ಮದ್ದೂರಿನದ್ದೂ ಅಲ್ಲ, ಭಾಲ್ಕಿಯದ್ದೂ ಅಲ್ಲ. ಆದರೂ ವ್ಯತ್ಯಾಸ ಯಾಕೆ ಬರುತ್ತೆ ಅನ್ನೋದು ಎಲ್ಲ ಕಡೆ ಒಂದೇ. ಹಸು, ಎಮ್ಮೆ ಮೆಲುಕು ಹಾಕುವಾಗ ಹೊಟ್ಟೆಯಲ್ಲಿ ಮೀಥೇನ್ ಎಂಬ ಬಿಸಿ ಹಿಡಿಯುವ ಅನಿಲ ಹುಟ್ಟಿ ತೇಗಿನಲ್ಲಿ ಹೊರಬರುತ್ತೆ. ಹುಲ್ಲು ತಿಂದರೂ ಬರುತ್ತೆ, ನಾರು ಜಾಸ್ತಿ ಇರುವ ಹುಲ್ಲಿಗೆ ಇನ್ನೂ ಜಾಸ್ತಿಯೇ.

ಸೋಯಾದ ಲಾಭ ಇನ್ನೊಂದು ಕಡೆ ಇದೆ. ತಂಗಿ, ಹೂ ಬಿಡುವ ಹೊತ್ತಿಗೆ ಒಂದು ಗಿಡ ಮೆಲ್ಲಗೆ ಅಗೆದು ತೆಗೆಯಿರಿ. ಬೇರಿನ ಮೇಲೆ ಗಂಟು ಇರುತ್ತವೆ. ಒಂದನ್ನು ಉಗುರಿನಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಆ ಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ ಅಂತ ಅರ್ಥ. ಬೆಳ್ಳಗೋ ಹಸಿರೋ ಇದ್ದರೆ ಕೆಲಸ ಆಗುತ್ತಿಲ್ಲ. ಗಂಟು ಕೆಲಸ ಮಾಡಿದರೆ ಯೂರಿಯಾ ಅಷ್ಟು ಬೇಡ. ಯೂರಿಯಾ ತಯಾರಿಸಲು ಗ್ಯಾಸ್ ಸುಡಬೇಕು, ಹೊಲಕ್ಕೆ ಹಾಕಿದ ಮೇಲೆ ಅದರಿಂದ ನೈಟ್ರಸ್ ಆಕ್ಸೈಡ್ ಏಳುತ್ತೆ, ಆ ಅನಿಲ ಇಂಗಾಲದ ಡೈ ಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಹಿಡಿಯುತ್ತೆ. ಆ ನಸುಗೆಂಪು ಬಣ್ಣ ನಮ್ಮ ರಕ್ತದ ಬಣ್ಣಕ್ಕೆ ಹತ್ತಿರದ ಲೆಗ್‌ಹಿಮೋಗ್ಲೋಬಿನ್‌ನದ್ದು. ಅಮೆರಿಕದ ಇಂಪಾಸಿಬಲ್ ಫುಡ್ಸ್ ಕಂಪನಿಯವರು ಅದನ್ನೇ ಯೀಸ್ಟ್‌ನಲ್ಲಿ ಬೆಳೆಸಿ, ಸಸ್ಯದ ಬರ್ಗರ್‌ಗೆ ಮಾಂಸದ ರುಚಿ ಬರಿಸಿದ್ದು.

ಹಾಗಂತ ಮಂಡ್ಯದ ಕೊಟ್ಟಿಗೆ ಖಾಲಿ ಆಗಬೇಕು ಅಂತ ನಾನು ಹೇಳುವುದಿಲ್ಲ. 2023-24ರಲ್ಲಿ ದೇಶದಲ್ಲಿ ಸುಮಾರು 23.9 ಕೋಟಿ ಟನ್ ಹಾಲು ಬಂತು. ಮುಂದೆ ಇನ್ನೂ ಬೇಕಾಗುವ ಪ್ರೋಟೀನ್ ಎಲ್ಲವನ್ನೂ ಹಸುವಿನ ಹೊಟ್ಟೆ ಮೂಲಕವೇ ತರಬೇಕಾ ಅನ್ನೋದು ಪ್ರಶ್ನೆ. ಜಗತ್ತಿನ ಸೋಯಾದಲ್ಲಿ ಮುಕ್ಕಾಲು ಪಾಲು ಹೋಗುವುದು ಕೋಳಿ, ಹಂದಿ, ದನದ ಮೇವಿಗೆ. ಅದರಲ್ಲಿ ಒಂದು ಪಾಲು ನೇರವಾಗಿ ತಟ್ಟೆಗೆ ಬಂದರೆ ಯಾರ ಹೊಟ್ಟೆಯ ಮೇಲೂ ಹೊಡೆದ ಹಾಗಲ್ಲ. ಪ್ಯಾಕೆಟ್ ಮೇಲೆ ಬರೆಯುವುದಾದರೆ ‘ಭಾಲ್ಕಿಯ ಮಳೆಯಾಶ್ರಿತ ಹೊಲದ ಸೋಯಾ’ ಅಂತ ಬರೆಸಿ. ಅದು ನೀವು ಕಣ್ಣಾರೆ ಕಂಡ ಸತ್ಯ.

ಕಲಬುರಗಿ_ತೊಗರಿ ಉತ್ತರಿಸಿದ್ದು:

ತೊಗರಿ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಇದು ನಮಗೆ ಹೊಟ್ಟೆಗೆ ಹತ್ತಿದ ವಿಷಯ. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಕಾಡು ತೊಗರಿಯ ಜೊತೆ ಕ್ರಾಸ್ ಮಾಡಿ ಪ್ರೋಟೀನ್ ಹೆಚ್ಚಿರುವ ಸಾಲುಗಳನ್ನು ಬಹಳ ಹಿಂದೆಯೇ ತೆಗೆದಿದ್ದಾರೆ. ನಮ್ಮ ಮಾಮೂಲಿ ತೊಗರಿಯಲ್ಲಿ 22 ಪರ್ಸೆಂಟ್ ಇದ್ದರೆ ಅವುಗಳಲ್ಲಿ 27, 28ರವರೆಗೆ. ಅಂದರೆ ಅದೇ ಒಂದು ಬಟ್ಟಲು ಬೇಳೆಗೆ ಕಾಲು ಭಾಗ ಜಾಸ್ತಿ. ಮಾಂಸ ತಿನ್ನದ, ಹಾಲಿಗೆ ದುಡ್ಡಿಲ್ಲದ ಮನೆಗೆ ಇದು ಸಣ್ಣ ಮಾತಾ? ಆದರೆ ನಮ್ಮ ಹೊಲಗಳಲ್ಲಿ ಅವು ಎಲ್ಲಿವೆ?

ಕಾರಣ ನನಗೆ ಗೊತ್ತು. ನಾನು ಚೀಲ ಹೊತ್ತು ಮಾರ್ಕೆಟ್ಟಿಗೆ ಹೋದರೆ ಅಡತಿಯವರು ಕೈ ಹಾಕಿ ಹಸಿ ಎಷ್ಟಿದೆ ನೋಡ್ತಾರೆ, ಕಲ್ಲು ಕಸ ನೋಡ್ತಾರೆ, ಒಡೆದ ಕಾಳು ನೋಡ್ತಾರೆ. ಪ್ರೋಟೀನ್ ಎಷ್ಟು ಅಂತ ಒಬ್ಬರೂ ಕೇಳಿಲ್ಲ. ಬೆಂಬಲ ಬೆಲೆಯೂ ತೂಕಕ್ಕೇ, 2025-26ಕ್ಕೆ ತೊಗರಿಗೆ 8,000, ಸೋಯಾಕ್ಕೆ 5,328 ರೂಪಾಯಿ ಕ್ವಿಂಟಲ್‌ಗೆ. 22 ಇದ್ದರೂ ಅದೇ, 28 ಇದ್ದರೂ ಅದೇ. ತೂಕಕ್ಕೆ ದುಡ್ಡು ಕೊಟ್ಟರೆ ತೂಕಕ್ಕೇ ತಳಿ ಮಾಡ್ತಾರೆ, ನಾವೂ ತೂಕಕ್ಕೇ ಬಿತ್ತುತ್ತೀವಿ. ಇದು ರೈತನ ತಪ್ಪೂ ಅಲ್ಲ, ವಿಜ್ಞಾನಿಯ ತಪ್ಪೂ ಅಲ್ಲ.

ಮತ್ತೆ ನಮಗೆ ಮೊದಲು ಬದುಕಬೇಕಲ್ಲ. ನೆಟೆ ರೋಗ ಬಂದರೆ ಹೂ ಕಾಯಿ ತುಂಬಿದ ಗಿಡ ವಾರದಲ್ಲಿ ಒಣಗಿ ನಿಲ್ಲುತ್ತೆ. 1986ರಲ್ಲಿ ನೆಟೆ ತಡೆಯುವ ಮಾರುತಿ ತಳಿ ಬಂದ ಮೇಲೆ ನಮ್ಮ ಅಪ್ಪ ಉಸಿರು ಬಿಟ್ಟರು. ಪ್ರೋಟೀನ್ ತಳಿ ಮಾಡುವವರು ನೆಟೆ ತಡೆಯುವ ಗುಣ ಬಿಟ್ಟು ಮಾಡಿದರೆ ಯಾರೂ ಬಿತ್ತಲ್ಲ. ಈಗ ಇಕ್ರಿಸ್ಯಾಟ್‌ನವರು 45 ಡಿಗ್ರಿ ಬಿಸಿಲು ತಡೆದು ನಾಲ್ಕು ತಿಂಗಳಲ್ಲಿ ಬರುವ ತೊಗರಿ ತಂದಿದ್ದಾರೆ, ಐಸಿಪಿವಿ 25444 ಅಂತ, ನಮ್ಮ ರಾಜ್ಯದಲ್ಲೂ ಹಾಕಿ ನೋಡಿದ್ದಾರೆ. ಬೆಳಕು, ಬಿಸಿ ಹಿಡಿತದಲ್ಲಿಟ್ಟು ವರ್ಷಕ್ಕೆ ನಾಲ್ಕು ತಲೆಮಾರಿನವರೆಗೆ ತೆಗೆಯುವ ಪದ್ಧತಿಯಲ್ಲಿ ಮಾಡಿದ್ದು. ಅದೇ ವೇಗದಲ್ಲಿ ಪ್ರೋಟೀನ್ ಗುಣವನ್ನೂ ಸೇರಿಸಲಿ ಅಂತ ನನ್ನ ಆಸೆ.

ಭಾಲ್ಕಿ ಅಕ್ಕನಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಬೆಳೆಯುವವರೂ ನೀವೇ, ಕೊಳ್ಳುವವರೂ ನೀವೇ. ನಾದಿನಿ ವಾಸನೆ ಇಲ್ಲದ ಕಾಳಿಗೆ ಕ್ವಿಂಟಲ್‌ಗೆ ನಾಲ್ಕು ನೂರು ಜಾಸ್ತಿ ಕೊಟ್ಟರೂ ಇಬ್ಬರಿಗೂ ಲಾಭ. ಅಡತಿಯಲ್ಲಿ ನಡೆಯದ್ದು ನಿಮ್ಮ ಪಡಸಾಲೆಯಲ್ಲಿ ನಡೆಯುತ್ತೆ.

ತಳಿ_ತೋಟ ಉತ್ತರಿಸಿದ್ದು:

ಕಲಬುರಗಿಯವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಪ್ರೋಟೀನ್ ಹೆಚ್ಚಿಸಲು ಹೋದರೆ ಸಾಮಾನ್ಯವಾಗಿ ಇಳುವರಿ ಸ್ವಲ್ಪ ಇಳಿಯುತ್ತೆ. ಪಿಷ್ಟ ಕಟ್ಟುವುದಕ್ಕಿಂತ ಪ್ರೋಟೀನ್ ಕಟ್ಟುವುದು ಗಿಡಕ್ಕೆ ದುಬಾರಿ ಕೆಲಸ. ಸೋಯಾ ಕಟಾವಿಗೆ ಬರುವಾಗ ಎಲೆ ಹಳದಿಯಾಗಿ ಉದುರುತ್ತಲ್ಲ, ಎಲೆಯಲ್ಲಿದ್ದ ಸಾರಜನಕವನ್ನು ಕಾಳು ಎಳೆದುಕೊಂಡದ್ದು ಅದು. ಆದರೆ ವಾಸನೆಯ ಗುಣ ಹಾಗಲ್ಲ. ಒಂದು ಕಿಣ್ವ ಇಲ್ಲದಿದ್ದರೆ ಗಿಡಕ್ಕೆ ಅಂಥ ಹೊರೆ ಬೀಳುವುದಿಲ್ಲ.

ಬೀಜ ಉಳಿಸಿಕೊಳ್ಳುವುದಕ್ಕೂ ಸೋಯಾ ಒಳ್ಳೆಯದು. ತನ್ನೊಳಗೇ ಪರಾಗ ಸೇರುವ ಬೆಳೆ, ಬೀಜದ ಹೊಲಕ್ಕೆ ಪಕ್ಕದ ತಳಿಯಿಂದ ಮೂರು ಮೀಟರ್ ಅಂತರ ಸಾಕು. ಬೆರಕೆ ಆಗುವುದು ಹೊಲದಲ್ಲಲ್ಲ, ರಾಶಿ ಮಾಡುವ ಮಷಿನ್ನಿನಲ್ಲಿ. ಊರಿನ ಜೆಎಸ್ 335 ಎಲ್ಲ ಹಾಯ್ದ ಮಷಿನ್ನಿಗೆ ನಿಮ್ಮದನ್ನೂ ಹಾಕಿದರೆ ಮುಗಿಯಿತು. ಬೀಜಕ್ಕೆ ಬೇಕಾದಷ್ಟನ್ನು ತಾಡಪತ್ರಿ ಮೇಲೆ ಕೋಲಿನಿಂದ ಮೆಲ್ಲಗೆ ಬಡಿದು ತೆಗೆಯಿರಿ. ಸೋಯಾ ಸಿಪ್ಪೆ ತೆಳು, ಏಟು ಬಿದ್ದರೆ ಮೊಳಕೆ ಹೋಗುತ್ತೆ.

ಭಾಲ್ಕಿ_ಸೊಸೆ ಉತ್ತರಿಸಿದ್ದು:

ಎಲ್ಲರಿಗೂ ಕೈ ಮುಗಿದೆ. ನಿನ್ನೆ ನಾದಿನಿ ಮನೆಗೆ ಹೋಗಿ ಮೈಸೂರು ಅಕ್ಕ ಹೇಳಿದ ಹಾಗೆ ಬಿಸಿ ನೀರಿನಲ್ಲಿ ರುಬ್ಬಿದೆವು, ಬಟ್ಟೆ ಒತ್ತಿ ಹಿಡಿದೇ. ಪಕ್ಕದಲ್ಲಿ ಹಳೆ ಪದ್ಧತಿಯದ್ದೂ ಮಾಡಿ ಎರಡು ಲೋಟದಲ್ಲಿ ಇಟ್ಟು, ಯಾವುದು ಯಾವುದು ಅಂತ ಹೇಳದೆ ಮಾವನವರಿಗೆ ಕೊಟ್ಟೆವು. ಹಳೆಯದನ್ನು ಒಂದು ಗುಟುಕು ಕುಡಿದು ಕೆಳಗಿಟ್ಟರು. ಬಿಸಿಯದನ್ನು ಪೂರ್ತಿ ಕುಡಿದು, ‘ಇದು ಹುರಿದ ಶೇಂಗಾ ಹಾಲಾ?’ ಅಂದರು. ವಾಸನೆ ಪೂರ್ತಿ ಹೋಗಿಲ್ಲ, ಕೊನೆಯಲ್ಲಿ ನಾಲಿಗೆ ಮೇಲೆ ಸ್ವಲ್ಪ ಉಳಿಯುತ್ತೆ, ಆದರೆ ಮೊದಲಿನದ್ದಕ್ಕೆ ಹೋಲಿಕೆಯೇ ಇಲ್ಲ.

ತಳಿ ಹೆಸರು ಚೀಟಿಯಲ್ಲಿ ಬರೆದು ಯಜಮಾನರ ಕೈಗೆ ಕೊಟ್ಟಿದ್ದೀನಿ, ಸೋಮವಾರ ಬೀದರ್‌ಗೆ ಹೋಗ್ತಾರೆ. ಬೀಜ ಸಿಕ್ಕಿದಷ್ಟು, ಬಾವಿ ಪಕ್ಕದ ಹತ್ತು ಗುಂಟೆಗೆ ಹಾಕೋಣ ಅಂತ ಮಾತಾಗಿದೆ. ಹೋದ ಸಲ ಒಂದು ಅಂಗಡಿಯಿಂದ ತಂದ ಬೀಜ ಅರ್ಧಕ್ಕರ್ಧ ಹುಟ್ಟದೆ ಎರಡನೇ ಸಲ ಬಿತ್ತಬೇಕಾಯಿತು. ಅದಕ್ಕೇ ಈ ಸಲ ಮೊದಲು ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ಮೊಳಕೆ ನೋಡಿಯೇ ಹೊಲಕ್ಕೆ ಇಳಿಸ್ತೀವಿ. ಎಮ್ಮೆ ಎರಡೂ ಇರುತ್ತವೆ ಮದ್ದೂರು ಅಣ್ಣ, ಸೋಯಾ ಗಸಿ ಮನೆಯಲ್ಲಿ ಮಿಕ್ಕಿದ್ದು ಅವಕ್ಕೇ.

ಸರ್, ಒಂದು ಕೇಳಬೇಕಿತ್ತು. ಆ ಹತ್ತು ಗುಂಟೆಯಲ್ಲಿ ಹೋದ ವರ್ಷ ಜೆಎಸ್ 335 ಇತ್ತು. ಕಟಾವಿನಲ್ಲಿ ಉದುರಿದ ಕಾಳು ಮೊದಲ ಮಳೆಗೆ ಹುಟ್ಟಿ ಹೊಸದರ ಜೊತೆ ಸೇರಿಕೊಳ್ಳುತ್ತಲ್ಲ, ಅದನ್ನು ಗುರುತಿಸೋದು ಹೇಗೆ? ಇಲ್ಲಾ ಕಡಲೆ ಮಾತ್ರ ಹಾಕಿದ್ದ ಮೇಲಿನ ಪಟ್ಟಿಗೆ ಬಿತ್ತಲಾ?